ಕೋಚ್ ಮಗ

2010ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ನಾನು ಸ್ಲೊವಾಕಿಯಾ ತಂಡವನ್ನು ಮೊದಲ ಸಲ ನೋಡಿದ್ದು. ನ್ಯೂಜಿಲೆಂಡ್ ವಿರುದ್ಧ ಅವರ ಮೊದಲ ಪಂದ್ಯ. ನಮ್ಮಲ್ಲಿ ಸಂಜೆ ಐದು ಗಂಟೆ. ಟಿವಿಯಲ್ಲಿ ಆಟಗಾರರ ಪಟ್ಟಿ ಬಂತು. ವಿಂಗ್‌ನಲ್ಲಿ, ಅಂದರೆ ಮೈದಾನದ ಅಂಚಿನಲ್ಲಿ ಆಡುವ ಜಾಗದಲ್ಲಿ, ವ್ಲಾಡಿಮೀರ್ ವೈಸ್ ಅಂತ ಒಬ್ಬ, ಇಪ್ಪತ್ತು ವರ್ಷದ ಹುಡುಗ. ಆಮೇಲೆ ಕೋಚ್ ಹೆಸರು ಬಂತು. ಅದೂ ವ್ಲಾಡಿಮೀರ್ ವೈಸ್. ಅಪ್ಪ, ಮಗ. ಆ ಹುಡುಗ ಇನ್ನೂ ಚೆಂಡು ಮುಟ್ಟಿರಲಿಲ್ಲ, ನನಗೆ ಅವನ ಮೇಲೆ ಸಿಟ್ಟು ಬಂದಾಗಿತ್ತು.

ಯಾಕೆ ಅಂತ ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ ನಾನೂ ವಿಂಗ್‌ನಲ್ಲೇ ಆಡುತ್ತಿದ್ದೆ. ನಮ್ಮ ಪಿಟಿ ಮೇಷ್ಟ್ರ ಮಗನೂ ಅದೇ ಜಾಗಕ್ಕೆ ಆಡುತ್ತಿದ್ದ. ತಾಲ್ಲೂಕು ಮಟ್ಟದ ಪಂದ್ಯಕ್ಕೆ ತಂಡ ಆರಿಸಿದಾಗ ಅವನ ಹೆಸರು ಬಂತು. ನಾನು ಗೆರೆಯಾಚೆ ಬಿಸಿಲಲ್ಲಿ ಕೂತು ಬೇರೆಯವರ ಚಪ್ಪಲಿ, ಬ್ಯಾಗು ಕಾಯ್ದೆ. ಎರಡು ವರ್ಷ ಹಾಗೇ ನಡೆಯಿತು. "ಕೋಚ್ ಮಗ" ಅಂತ ಯಾರಾದರೂ ಅಂದರೆ ಇವತ್ತಿಗೂ ನನಗೆ ಆ ಬಿಸಿಲೇ ನೆನಪಿಗೆ ಬರುತ್ತದೆ.

ಹಾಗಾಗಿ ಆ ಸಂಜೆ ನಾನು ಪಂದ್ಯ ನೋಡಲಿಲ್ಲ, ಆ ಹುಡುಗನ ತಪ್ಪು ಹುಡುಕಿದೆ. ಚೆಂಡು ಕಳೆದುಕೊಂಡರೆ ಖುಷಿ. ಅಂಚಿನಿಂದ ಗೋಲಿನ ಮುಂದಕ್ಕೆ ಹೊಡೆದ ಕ್ರಾಸ್ ಆಚೆ ಹೋದರೆ ಖುಷಿ. ಸ್ಲೊವಾಕಿಯಾ ಒಂದು ಗೋಲು ಹೊಡೆದು, ಕೊನೇ ನಿಮಿಷಗಳಲ್ಲಿ ಗೋಲು ಬಿಟ್ಟುಕೊಟ್ಟು 1-1ಕ್ಕೆ ಮುಗಿಸಿತು. ಮುಂದಿನ ಪಂದ್ಯದಲ್ಲಿ ಪರಾಗ್ವೆ ಎದುರು 0-2 ಸೋಲು. ಎರಡರಲ್ಲೂ ಶುರುವಿನಿಂದಲೇ ವೈಸ್ ಮೈದಾನದಲ್ಲಿದ್ದ. ಅಪ್ಪ ಇದ್ದಾನಲ್ಲ, ಇನ್ನೇನು ಅಂದುಕೊಂಡೆ.

ಜೂನ್ 24ಕ್ಕೆ ಇಟಲಿ ಜೊತೆ ಪಂದ್ಯ. ಇಟಲಿ ಆಗ ವಿಶ್ವ ಚಾಂಪಿಯನ್. ಸ್ಲೊವಾಕಿಯಾ ಗೆಲ್ಲಲೇಬೇಕಿತ್ತು. ಪಟ್ಟಿ ಬಂದಾಗ ನೋಡುತ್ತೇನೆ, ವೈಸ್ ಹೆಸರೇ ಇಲ್ಲ. ಅಪ್ಪ ಮಗನನ್ನು ಬೆಂಚಿನಲ್ಲಿ ಕೂರಿಸಿದ್ದರು. ಆ ಸಲ ವಿಂಗ್‌ನಲ್ಲಿ ಮಿರೊಸ್ಲಾವ್ ಸ್ಟೋಖ್ ಇದ್ದ. ಸ್ಲೊವಾಕಿಯಾ 3-2ಕ್ಕೆ ಗೆದ್ದಿತು. ವಿಟ್ಟೆಕ್ ಎರಡು ಗೋಲು, ಆಗಷ್ಟೇ ಬದಲಿಯಾಗಿ ಬಂದಿದ್ದ ಕೊಪೂನೆಕ್ ಒಂದು. ಚಾಂಪಿಯನ್ ಇಟಲಿ ಮನೆಗೆ ಹೋಯಿತು. ಸ್ವತಂತ್ರ ದೇಶವಾಗಿ ಸ್ಲೊವಾಕಿಯಾ ಆಡುತ್ತಿದ್ದ ಮೊದಲ ವಿಶ್ವಕಪ್ ಅದು. ಅವರ ಫುಟ್‌ಬಾಲಿನ ಅತಿ ದೊಡ್ಡ ಸಂಜೆಗಳಲ್ಲಿ ಒಂದು. ಆ ಸಂಜೆ ಕೋಚ್ ಮಗ ಒಂದು ನಿಮಿಷವೂ ಆಡಲಿಲ್ಲ.

ನನ್ನ ಸಿಟ್ಟು ಅಲ್ಲೇ ಇಳಿಯಿತು. ಅವತ್ತಿನಿಂದ ಅವನು ಎಲ್ಲಿ ಆಡಿದರೂ ಹುಡುಕಿ ನೋಡಿದ್ದೇನೆ. "ಅಷ್ಟೊಂದು ಪ್ರತಿಭೆ ಇತ್ತು, ಹಾಳು ಮಾಡಿಕೊಂಡ" ಅಂತ ಜನ ಸುಲಭವಾಗಿ ಹೇಳುವ ಆಟಗಾರ ಅವನು. ಆ ಮಾತನ್ನು ನಾನು ಒಪ್ಪುವುದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಆ ಹೆಸರಿನ ವಿಷಯ. ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮ ಮನೆಗಳಲ್ಲೂ ಇದೆ. ಅವರ ಮನೆಯಲ್ಲಿ ತಾತ, ಅಪ್ಪ, ಮಗ ಮೂವರೂ ವ್ಲಾಡಿಮೀರ್ ವೈಸ್. ಮೂವರೂ ಫುಟ್‌ಬಾಲ್ ಆಡಿದವರು. ಮೂವರೂ ರಾಜಧಾನಿ ಬ್ರಾಟಿಸ್ಲಾವಾದ ಇಂಟರ್ ಕ್ಲಬ್‌ನ ಅಂಗಳ ತುಳಿದವರು. ತಾತ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚೆಕೊಸ್ಲೊವಾಕಿಯಾ ಪರ ಬೆಳ್ಳಿ ಗೆದ್ದವರು; ಸ್ಲೊವಾಕಿಯಾ ಆಗ ಆ ದೇಶದ ಭಾಗ. ಫೈನಲ್‌ನಲ್ಲಿ ಹಂಗೇರಿ ಎದುರು 1-2 ಸೋಲು. ಹಂಗೇರಿಯ ಎರಡು ಗೋಲುಗಳಲ್ಲಿ ಒಂದು ತಾತನ ಕಾಲಿಗೇ ತಾಗಿ ಸ್ವಂತ ಗೋಲಿಗೆ ಹೋದದ್ದು. ಪಾಪ, ಬೆಳ್ಳಿ ಪದಕ ನೋಡಿದಾಗೆಲ್ಲ ಅದೂ ನೆನಪಾಗುತ್ತಿತ್ತೇನೋ. 45 ವರ್ಷ ಬಿಟ್ಟು, 2009ರ ಅಕ್ಟೋಬರ್‌ನಲ್ಲಿ, ಪೋಲೆಂಡ್‌ನಲ್ಲಿ ಹಿಮ ಸುರಿಯುತ್ತಿದ್ದಾಗ ಸ್ಲೊವಾಕಿಯಾ 1-0ಕ್ಕೆ ಗೆದ್ದು ವಿಶ್ವಕಪ್‌ಗೆ ಹೋಯಿತು. ಆ ಒಂದು ಗೋಲು ಪೋಲೆಂಡ್ ಆಟಗಾರನ ಸ್ವಂತ ಗೋಲು. ತಾತನ ತಂಡದಿಂದ ಚಿನ್ನ ಕಿತ್ತುಕೊಂಡಿದ್ದು ಎಂಥ ಗೋಲೋ, ಮಗನನ್ನೂ ಮೊಮ್ಮಗನನ್ನೂ ವಿಶ್ವಕಪ್‌ಗೆ ಕಳಿಸಿದ್ದೂ ಅಂಥದೇ ಗೋಲು.

ಅಪ್ಪ 1990ರ ವಿಶ್ವಕಪ್‌ಗೆ ಹೋದ ಚೆಕೊಸ್ಲೊವಾಕಿಯಾ ತಂಡದಲ್ಲಿದ್ದರು. ಕೋಚ್ ಆಗಿ ಇನ್ನೂ ದೊಡ್ಡ ಹೆಸರು ಮಾಡಿದರು. ಬ್ರಾಟಿಸ್ಲಾವಾದ ಆರ್ಟ್‌ಮೀಡಿಯಾ ಅಂತ ಒಂದು ಪುಟ್ಟ ಕ್ಲಬ್. 2005ರ ಜುಲೈನಲ್ಲಿ, ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಪಂದ್ಯದಲ್ಲಿ ಅದು ಸ್ಕಾಟ್ಲೆಂಡ್‌ನ ಸೆಲ್ಟಿಕ್‌ಗೆ 5-0 ಬಾರಿಸಿತು. ಎರಡನೇ ಪಂದ್ಯದಲ್ಲಿ ಸೆಲ್ಟಿಕ್ 4-0 ಗೆದ್ದರೂ, ಎರಡೂ ಪಂದ್ಯದ ಗೋಲು ಕೂಡಿಸಿ, ಒಂದೇ ಒಂದು ಗೋಲಿನಲ್ಲಿ ಆರ್ಟ್‌ಮೀಡಿಯಾ ಮುಂದೆ ಹೋಯಿತು. ಆಮೇಲೆ ಪೋರ್ಚುಗಲ್‌ನ ಪೋರ್ಟೊ ತಂಡದ ಊರಿಗೇ ಹೋಗಿ, 0-2 ಹಿಂದಿದ್ದು, 3-2 ಗೆದ್ದರು! ಈ ಪಂದ್ಯದ ಬಗ್ಗೆ ಇನ್ನೊಂದು ದಿನ ಬೇರೆಯಾಗಿಯೇ ಬರೆಯಬೇಕು.

ಇಂಥ ಮನೆಯ ಹುಡುಗ 2006ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಯುವ ತಂಡಕ್ಕೆ ಹೋದ. ಆಗಿನ್ನೂ 16 ವರ್ಷ. ನಮ್ಮಲ್ಲಿ ಆ ವಯಸ್ಸಿನ ಮಕ್ಕಳನ್ನು ಪಿಯುಸಿ ಹಾಸ್ಟೆಲ್‌ಗೆ ಬಿಟ್ಟುಬರುವಾಗಲೇ ಅಮ್ಮಂದಿರು ಬಸ್‌ಸ್ಟ್ಯಾಂಡಿನಲ್ಲಿ ಅಳುತ್ತಾರೆ. 2008ರಲ್ಲಿ ಸಿಟಿಯ ಹುಡುಗರು ಚೆಲ್ಸಿಯನ್ನು ಸೋಲಿಸಿ ಯುವಕರ ಎಫ್‌ಎ ಕಪ್ ಗೆದ್ದರು. ವೈಸ್ ಆ ತಂಡದಲ್ಲಿದ್ದ. 2009ರ ಮೇ 24ರಂದು ಹಿರಿಯರ ತಂಡಕ್ಕೂ ಬಂದ.

ಅಷ್ಟರಲ್ಲಿ ಒಂದು ದೊಡ್ಡ ಬದಲಾವಣೆ ಆಗಿಹೋಗಿತ್ತು. 2008ರ ಸೆಪ್ಟೆಂಬರ್‌ನಲ್ಲಿ ಅಬುಧಾಬಿಯ ಮಾಲೀಕರು ಸಿಟಿಯನ್ನು ಕೊಂಡರು. ದುಡ್ಡು ಹೊಳೆಯಂತೆ ಹರಿಯಿತು. ರೊಬಿನ್ಯೊ ಬಂದ, ಟೆವೆಜ್ ಬಂದ, 2010ರಲ್ಲಿ ಡೇವಿಡ್ ಸಿಲ್ವಾ ಬಂದ. ಅಕಾಡೆಮಿಯಲ್ಲಿ ಬೆಳೆದ ಹುಡುಗ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮನೆಯೇ ಬೇರೆ ಆಗಿತ್ತು. 2009ರ ಡಿಸೆಂಬರ್‌ನಲ್ಲಿ ಲೀಗ್ ಕಪ್ ಪಂದ್ಯದಲ್ಲಿ ಸಿಟಿ ಆರ್ಸೆನಲ್‌ಗೆ 3-0 ಹೊಡೆಯಿತು. ಮೂರನೇ ಗೋಲು ವೈಸ್‌ನದು. ಅದಾಗಿ ಒಂದೆರಡು ತಿಂಗಳಲ್ಲೇ ಅವನನ್ನು ಬೋಲ್ಟನ್ ಕ್ಲಬ್‌ಗೆ ಲೋನ್‌ನಲ್ಲಿ, ಅಂದರೆ ಸ್ವಲ್ಪ ಕಾಲ ಎರವಲಾಗಿ, ಕಳಿಸಿದರು. ಆರ್ಸೆನಲ್‌ಗೆ ಗೋಲು ಹೊಡೆದವನಿಗೆ ಇನ್ನೂ ಏನು ಮಾಡಬೇಕಿತ್ತು ಹೇಳಿ. ಇದರಲ್ಲಿ ಹುಡುಗನ ತಪ್ಪೇನಿದೆ? ಐದು ವರ್ಷ ಮೊದಲು ಹುಟ್ಟಿದ್ದರೆ ಆ ಜಾಗ ಅವನದೇ ಆಗಿರುತ್ತಿತ್ತು ಅಂತ ನಾನು ನಂಬುತ್ತೇನೆ.

ಲೋನ್ ಅಂದರೆ ಕೇಳೋಕೆ ಸುಲಭ. ಬೋಲ್ಟನ್ ಆಯಿತು, ಗ್ಲಾಸ್ಗೊದ ರೇಂಜರ್ಸ್ ಆಯಿತು, ಬಾರ್ಸಿಲೋನಾದ ಎಸ್ಪಾನ್ಯೋಲ್ ಆಯಿತು. ಆಮೇಲೆ ಲೋನ್ ಬಿಟ್ಟು ಇಟಲಿಯ ಪೆಸ್ಕಾರಾ, ಗ್ರೀಸ್‌ನ ಒಲಿಂಪಿಯಾಕೊಸ್. ನಾಲ್ಕು ವರ್ಷದಲ್ಲಿ ಐದು ದೇಶ. ಪ್ರತಿ ಊರಿನಲ್ಲೂ ಹೊಸ ಕೋಚ್, ಹಲವು ಕಡೆ ಹೊಸ ಭಾಷೆ. ವಿಂಗರ್‌ಗೆ ಇದು ಜಾಸ್ತಿ ಕಷ್ಟ. ಹಿಂದಿನಿಂದ ಓಡಿ ಬರುವ ಫುಲ್‌ಬ್ಯಾಕ್ ಯಾವಾಗ ಬರುತ್ತಾನೆ, ಮುಂದಿರುವ ಸ್ಟ್ರೈಕರ್‌ಗೆ ಚೆಂಡು ಕಾಲಿಗೆ ಬೇಕೋ ತಲೆಗೆ ಬೇಕೋ, ಇದೆಲ್ಲ ಜೊತೆಗೆ ಆಡಿ ಆಡಿಯೇ ಗೊತ್ತಾಗಬೇಕು. ಗೊತ್ತಾಗುವಷ್ಟರಲ್ಲಿ ಪೆಟ್ಟಿಗೆ ಕಟ್ಟಬೇಕು ಅಂದರೆ?

ರೇಂಜರ್ಸ್‌ನಲ್ಲಿ ಮಾತ್ರ ಅವನು ಅರಳಿದ. ಅದು ಅಲ್ಲಿನ ಕೋಚ್ ವಾಲ್ಟರ್ ಸ್ಮಿತ್ ಅವರ ಕೊನೇ ಸೀಸನ್. ಲೀಗೂ ಗೆದ್ದರು, ಸೆಲ್ಟಿಕ್‌ನ ಸೋಲಿಸಿ ಲೀಗ್ ಕಪ್ಪೂ ಗೆದ್ದರು. ಚೆಂಡು ಕಾಲಿಗೆ ಬಂದರೆ ಸಾಕು, ಎದುರಿಗೆ ಎಂಥ ದೊಡ್ಡ ಡಿಫೆಂಡರ್ ಇದ್ದರೂ ನೇರ ಅವನ ಮೇಲೇ ಹೋಗುತ್ತಿದ್ದ. ಆಳು ಗಿಡ್ಡ. ಸೊಂಟ ಒಂದು ಕಡೆ, ಚೆಂಡು ಇನ್ನೊಂದು ಕಡೆ. ಒಮ್ಮೆ ದಾಟಿದ ಮೇಲೂ ನಿಂತು ಅದೇ ಡಿಫೆಂಡರ್‌ನನ್ನು ಇನ್ನೊಮ್ಮೆ ದಾಟುವ ಆಸೆ ಅವನಿಗೆ. ಇದು ಅವನ ದೋಷವೂ ಹೌದು, ಒಪ್ಪುತ್ತೇನೆ. ಪಾಸ್ ಕೊಡಬೇಕಾದಲ್ಲಿ ಕೊಡದೆ ಚೆಂಡು ಕಳೆದುಕೊಂಡ ಸಲಗಳು ಬೇಕಾದಷ್ಟಿವೆ. ಆದರೆ ಫುಟ್‌ಬಾಲ್ ನೋಡೋಕೆ ನಾವು ಯಾಕೆ ಕೂರುತ್ತೇವೆ? ವಿಂಗರ್ ಕಾಲಿಗೆ ಚೆಂಡು ಬಂದಾಗ ಮೈದಾನದ ಆ ಕಡೆಯ ಜನ ಸೀಟಿನಿಂದ ಅರ್ಧ ಎದ್ದು ನಿಲ್ಲುತ್ತಾರಲ್ಲ, ಆ ಅರ್ಧ ಎದ್ದು ನಿಲ್ಲುವುದಕ್ಕೇ ಅಲ್ವಾ?

ಇಲ್ಲಿ ಸ್ಟೋಖ್ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಇಬ್ಬರೂ 1989ರಲ್ಲಿ ಹುಟ್ಟಿದವರು, ಇಬ್ಬರೂ ವಿಂಗರ್‌ಗಳು, ಇಬ್ಬರೂ 2006ರಲ್ಲಿ ಇಂಗ್ಲೆಂಡಿಗೆ ಹೋದವರು. ಸ್ಟೋಖ್ ಹೋಗಿದ್ದು ಚೆಲ್ಸಿಗೆ. ಅವನಿಗೂ ಅಲ್ಲಿ ಜಾಗ ಸಿಗಲಿಲ್ಲ. 2012ರಲ್ಲಿ ಟರ್ಕಿಯ ಫೆನರ್‌ಬಾಚೆ ಪರ ಆಡುವಾಗ, ಕಾರ್ನರ್‌ನಿಂದ ಬಂದ ಚೆಂಡನ್ನು ನೆಲಕ್ಕೆ ಬೀಳಲು ಬಿಡದೆ ಪೆನಾಲ್ಟಿ ಬಾಕ್ಸ್ ಅಂಚಿನಿಂದ ಹೊಡೆದ. ಆ ಗೋಲಿಗೆ ಫಿಫಾದ ಪುಷ್ಕಾಸ್ ಪ್ರಶಸ್ತಿ, ಅಂದರೆ ವರ್ಷದ ಅತ್ಯುತ್ತಮ ಗೋಲಿನ ಪ್ರಶಸ್ತಿ, ಬಂತು. ಅವನ ಜೊತೆ ಕೊನೇ ಪಟ್ಟಿಯಲ್ಲಿದ್ದವರು ನೇಮರ್ ಮತ್ತು ಫಾಲ್ಕಾವೊ. ಸುಮಾರು 54 ಲಕ್ಷ ಜನ ಇರುವ ದೇಶ ಅದು, ನಮ್ಮ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಅಲ್ಲಿಂದ ಒಂದೇ ವರ್ಷ ಹುಟ್ಟಿದ ಇಂಥ ಇಬ್ಬರು ವಿಂಗರ್‌ಗಳು ಒಟ್ಟಿಗೆ ಬಂದರು. 2010ರಲ್ಲಿ ಇಟಲಿಯನ್ನು ಸೋಲಿಸಿದ ಮೇಲೆ ನೆದರ್ಲೆಂಡ್ಸ್ ಎದುರಿನ ನಾಕೌಟ್ ಪಂದ್ಯಕ್ಕೆ ಅಪ್ಪ ವೈಸ್ ಇಬ್ಬರನ್ನೂ ಇಳಿಸಿದರು. 1-2 ಸೋತರು. ಆದರೂ ಆ ಎರಡು ರೆಕ್ಕೆಗಳನ್ನು ಒಟ್ಟಿಗೆ ನೋಡಿದ್ದು ನನಗೆ ಸಾಕು.

2014ರಲ್ಲಿ ವೈಸ್ ಕತಾರ್‌ಗೆ ಹೋದ. ವಯಸ್ಸು 24. ಮೊದಲು ಲೆಖ್ವಿಯಾ ಕ್ಲಬ್, ಮರುವರ್ಷ ಅಲ್ ಘರಾಫಾ. ನನಗೆ ನಿಜಕ್ಕೂ ಬೇಜಾರಾಯಿತು. ವಿಂಗರ್ ಕಾಲಿಗೆ ಚುರುಕು ಇರುವ ವರ್ಷಗಳೇ ಅವು. ಆ ವರ್ಷಗಳನ್ನು ಯುರೋಪಿನಲ್ಲಿ ಕಳೆಯಬೇಕಿತ್ತು ಅಂತ ಇವತ್ತಿಗೂ ಅನಿಸುತ್ತದೆ. ಆದರೆ "ಅಲ್ಲಿಗೆ ಮುಗೀತು" ಅಂದವರ ಜೊತೆ ನಾನು ಸೇರಲಾರೆ. ಯಾಕೆಂದರೆ 2016ರ ಜೂನ್ 15 ಬಂತು.

ಯೂರೋ ಕಪ್, ಫ್ರಾನ್ಸ್‌ನ ಲಿಲ್ ನಗರ, ಎದುರಿಗೆ ರಷ್ಯಾ. ಮೊದಲ ಪಂದ್ಯ ವೇಲ್ಸ್‌ಗೆ ಸೋತಾಗಿತ್ತು. 32ನೇ ನಿಮಿಷ. ಜೊತೆ ಆಟಗಾರ ಹಾಮ್ಶಿಕ್ ಅರ್ಧ ಮೈದಾನ ದಾಟಿಸಿ ಉದ್ದದ ಪಾಸ್ ಕೊಟ್ಟ. ಎಡಗಡೆ ವೈಸ್. ಚೆಂಡನ್ನು ಹತ್ತಿಯ ಹಾಗೆ ಕಾಲಲ್ಲಿ ಇಳಿಸಿಕೊಂಡ. ಇಬ್ಬರು ರಷ್ಯನ್ನರು ಓಡಿ ಬಂದರು. ಎಡಗಾಲಲ್ಲಿ ಹೊಡೆಯುವ ಹಾಗೆ ತೋರಿಸಿ ಚೆಂಡನ್ನು ಒಳಕ್ಕೆಳೆದ. ಇಬ್ಬರೂ ಆ ಕಡೆ ಜಾರಿಹೋದರು. ಬಲಗಾಲಲ್ಲಿ ಹೊಡೆದ, ಗೋಲ್‌ಕೀಪರ್ ಅಕಿನ್‌ಫೀವ್‌ನ ದಾಟಿ ಗೋಲು. 45ನೇ ನಿಮಿಷದಲ್ಲಿ ಕಾರ್ನರ್. ವೈಸ್ ಚೆಂಡನ್ನು ಹಾಮ್ಶಿಕ್‌ಗೆ ಬಿಟ್ಟ, ಹಾಮ್ಶಿಕ್ ಓರೆಯಿಂದ ಹೊಡೆದದ್ದು ಆಚೆ ಕಂಬಕ್ಕೆ ತಾಗಿ ಒಳಗೆ ಹೋಯಿತು. ಸ್ಲೊವಾಕಿಯಾ 2-1. ಅಪ್ಪ ಆಗ ರಾಷ್ಟ್ರೀಯ ತಂಡದ ಕೋಚ್ ಅಲ್ಲ, 2012ರಲ್ಲೇ ಬಿಟ್ಟಿದ್ದರು. ಯಾರೂ ಯಾರ ಮಗ ಅಂತ ಕೇಳುವ ಹಾಗಿರಲಿಲ್ಲ. ರಾತ್ರಿ ಊಟ ಮರೆತು ನಾನು ಆ ಗೋಲನ್ನು ಮತ್ತೆ ಮತ್ತೆ ನೋಡಿದೆ.

2020ರಲ್ಲಿ ಅವನು ಊರಿಗೆ ವಾಪಸ್ ಬಂದ, ಸ್ಲೊವನ್ ಬ್ರಾಟಿಸ್ಲಾವಾಕ್ಕೆ. ಇದನ್ನು ಸರಿಯಾಗಿ ತಿಳಿಯಬೇಕು. ಸ್ಲೊವನ್ ಊರಿನ ದೊಡ್ಡ ಕ್ಲಬ್. 1969ರಲ್ಲಿ ಬಾರ್ಸಿಲೋನಾವನ್ನು ಸೋಲಿಸಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಗೆದ್ದದ್ದು. ವೈಸ್ ಮನೆಯವರು ಇಂಟರ್ ಕಡೆಯವರು, ಅಪ್ಪ ಆರ್ಟ್‌ಮೀಡಿಯಾ ಕಟ್ಟಿದವರು. ಎದುರು ಓಣಿಯ ಹುಡುಗ ಈ ಓಣಿಯ ತಂಡಕ್ಕೆ ಬಂದ ಹಾಗೆ. 2021ರಲ್ಲಿ ಅಪ್ಪನೂ ಅಲ್ಲಿಗೇ ಕೋಚ್ ಆಗಿ ಬಂದರು. 31 ವರ್ಷಕ್ಕೆ ಮತ್ತೆ "ಕೋಚ್ ಮಗ" ಆದ! 2020ರಿಂದ 2025ರವರೆಗೆ ಸ್ಲೊವನ್ ಪ್ರತಿ ವರ್ಷ ಲೀಗ್ ಗೆದ್ದಿತು.

2024ರಲ್ಲಿ ಸ್ಲೊವನ್ ನಾಲ್ಕು ಅರ್ಹತಾ ಸುತ್ತು ದಾಟಿ, ಕೊನೆಯಲ್ಲಿ ಡೆನ್ಮಾರ್ಕ್‌ನ ಮಿಡ್‌ಯುಲೆಂಡ್‌ಗೆ ಟೆಹೆಲ್ನೆ ಪೋಲೆಯಲ್ಲಿ 3-2 ಹೊಡೆದು ಚಾಂಪಿಯನ್ಸ್ ಲೀಗ್‌ಗೆ ಹೋಯಿತು. ಟೆಹೆಲ್ನೆ ಪೋಲೆ ಅಂದರೆ ಇಟ್ಟಿಗೆ ಬಯಲು, ಅವರ ಮೈದಾನದ ಹೆಸರು. ಮೊದಲ ಪಂದ್ಯ ಸೆಲ್ಟಿಕ್ ಜೊತೆ, 1-5 ಸೋಲು. ಹತ್ತೊಂಬತ್ತು ವರ್ಷದ ಲೆಕ್ಕ ತೀರಿಸಿದರು ಅವರು. ಎರಡನೆಯದು ಇಟ್ಟಿಗೆ ಬಯಲಿಗೇ ಬಂದ ಮ್ಯಾಂಚೆಸ್ಟರ್ ಸಿಟಿ ಜೊತೆ, 0-4. ಎಂಟಕ್ಕೆ ಎಂಟೂ ಸೋತರು. ಮಿಲಾನ್ ಎದುರು 2-3ರವರೆಗೆ ಬಂದಿದ್ದರು. ಜನ ನಕ್ಕರು. ನಾನು ನಗಲಿಲ್ಲ. ಆ ದೇಶದಿಂದ ಅಲ್ಲಿಯವರೆಗೆ ಚಾಂಪಿಯನ್ಸ್ ಲೀಗ್‌ನ ಮುಖ್ಯ ಹಂತಕ್ಕೆ ಹೋದ ಕ್ಲಬ್‌ಗಳೇ ನಾಲ್ಕು: ಕೊಶಿತ್ಸೆ, ಆರ್ಟ್‌ಮೀಡಿಯಾ, ಝಿಲಿನಾ, ಸ್ಲೊವನ್. ನಾಲ್ಕರಲ್ಲಿ ಎರಡನ್ನು ಕರೆದೊಯ್ದದ್ದು ಒಬ್ಬನೇ ಕೋಚ್, ಅಪ್ಪ ವೈಸ್. 16ಕ್ಕೆ ಮನೆ ಬಿಟ್ಟ ಮಗ 34ಕ್ಕೆ ಅದೇ ಊರಿನ ಅಂಗಿ ತೊಟ್ಟು ಆ ತಂಡದಲ್ಲಿದ್ದ. ಇದು ಹಾಳಾದ ಆಟಗಾರನ ಕಥೆಯಾ?

ಕಳೆದ ವಾರ ಆ ಲಿಲ್ ಗೋಲನ್ನು ಮತ್ತೆ ಹಾಕಿಕೊಂಡು ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ನಮ್ಮ ಪಿಟಿ ಮೇಷ್ಟ್ರ ಮಗ ನೆನಪಾದ. ಅವನು ಎಡಗಾಲಲ್ಲಿ ಕ್ರಾಸ್ ಹಾಕುತ್ತಿದ್ದ. ನನಗೆ ಎಡಗಾಲು ಬರುತ್ತಲೇ ಇರಲಿಲ್ಲ. ಒಂದು ಪಂದ್ಯದಲ್ಲಿ ಅವನು ಸುಲಭದ ಗೋಲು ತಪ್ಪಿಸಿದಾಗ ಮೇಷ್ಟ್ರು ಎಲ್ಲರೆದುರು ಬೈದರು, ಬೇರೆ ಯಾರಿಗೂ ಹಾಗೆ ಬೈದದ್ದು ನಾನು ನೋಡಿಲ್ಲ. ಅವನು ತಲೆ ತಗ್ಗಿಸಿ "ಸರಿ ಸಾರ್" ಅಂದ. ಮೈದಾನದಲ್ಲಿ ಅವನು ಅಪ್ಪನನ್ನು ಯಾವತ್ತೂ ಸಾರ್ ಅಂತಲೇ ಕರೆಯುತ್ತಿದ್ದ.