ಸಂಬಳದ ಮಾತು ಬೇರೆ, ಕೆಲಸದ ಮಾತು ಬೇರೆ

ವರ್ಷಕ್ಕೊಮ್ಮೆ ನೌಕರರ ಕೆಲಸವನ್ನು ಅಳೆಯುವ ಅಪ್ರೈಸಲ್‌ನಿಂದ ಅವರ ಉತ್ಪಾದಕತೆ ಹೆಚ್ಚುತ್ತದೆ ಎಂದು ಎಚ್‌ಆರ್ ವಿಭಾಗದವರು ಎಷ್ಟು ಸಲ ಹೇಳಿದರೂ ನನಗದು ಅರ್ಧಸತ್ಯವೆಂದೇ ತೋರುತ್ತದೆ. ಮೌಲ್ಯಮಾಪನವೇ ಬೇಡವೆಂದು ನಾನು ವಾದಿಸುತ್ತಿಲ್ಲ. ನನ್ನ ತಕರಾರಿರುವುದು ಸಂಬಳ ನಿರ್ಧರಿಸುವ ಮಾತನ್ನೂ ತಪ್ಪು ತಿದ್ದುವ ಮಾತನ್ನೂ ಒಂದೇ ಸಭೆಯಲ್ಲಿ ಆಡುವುದರ ಬಗ್ಗೆ.

ಆ ಸಭೆಯಲ್ಲಿ ನಡೆಯುವುದನ್ನು ಗಮನಿಸಿ. ‘ವರದಿಗಳನ್ನು ಇನ್ನಷ್ಟು ಬೇಗ ಕೊಡಬಹುದಿತ್ತು’ ಎಂದು ಮ್ಯಾನೇಜರ್ ಹೇಳಿದೊಡನೆ, ಇನ್‌ಕ್ರಿಮೆಂಟ್ ಕೈತಪ್ಪುವ ಆತಂಕದಲ್ಲಿ ಕೂತಿರುವ ನೌಕರನಿಗೆ ಅದು ಸಲಹೆಯಾಗಿ ಕೇಳಿಸುವುದಿಲ್ಲ, ಆರೋಪವಾಗಿ ಕೇಳಿಸುತ್ತದೆ. ವಿಳಂಬಕ್ಕೆ ಬೇರೆ ತಂಡವೇ ಕಾರಣವೆಂದು ತೋರಿಸಲು ಆತ ಹಳೆಯ ಇಮೇಲ್‌ಗಳನ್ನು ಹುಡುಕತೊಡಗುತ್ತಾನೆ. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ನಡೆದು 1965ರಲ್ಲಿ ಪ್ರಕಟವಾದ ಅಧ್ಯಯನವೇ, ಟೀಕೆಯಿಂದ ಸಾಧನೆ ಕುಗ್ಗುತ್ತದೆ, ಹೊಗಳಿಕೆಯಿಂದ ಹೆಚ್ಚೇನೂ ಆಗುವುದಿಲ್ಲ, ನಿರ್ದಿಷ್ಟ ಗುರಿಗಳನ್ನು ಇಬ್ಬರೂ ಸೇರಿ ಗೊತ್ತುಮಾಡಿಕೊಂಡಾಗ ಕೆಲಸ ಸುಧಾರಿಸುತ್ತದೆ ಎಂದು ಕಂಡುಕೊಂಡು, ಸಂಬಳದ ಚರ್ಚೆಯನ್ನು ಪ್ರತ್ಯೇಕವಾಗಿಡಬೇಕೆಂದು ಸೂಚಿಸಿತ್ತು. ಅದೇ ಕಂಪನಿ ಮುಂದೆ ಮುಖ್ಯಸ್ಥ ಜ್ಯಾಕ್ ವೆಲ್ಚ್ ಕಾಲದಲ್ಲಿ ನೌಕರರನ್ನು ಸಾಧನೆಗೆ ತಕ್ಕಂತೆ ಮೇಲಿನ ಶೇಕಡಾ 20, ನಡುವಿನ 70, ಕೊನೆಯ 10 ಎಂದು ವಿಂಗಡಿಸಿ, ಕೊನೆಯ ಗುಂಪಿಗೆ ಬಾಗಿಲು ತೋರಿಸುವ ಪದ್ಧತಿಗೆ ಹೆಸರಾದದ್ದು ವಿಪರ್ಯಾಸ.

ಮೇಲಿನ, ನಡುವಿನ, ಕೆಳಗಿನ ರೇಟಿಂಗ್ ಎಷ್ಟೆಷ್ಟು ಜನರಿಗೆ ಎಂದು ಮೊದಲೇ ಗೊತ್ತುಮಾಡುವ ಬೆಲ್ ಕರ್ವ್ ಹೆಸರಿನಲ್ಲಿ ನಡೆಯುವುದೂ ಇದೇ. ಎಲ್ಲರೂ ಚೆನ್ನಾಗಿ ದುಡಿದ ತಂಡದಲ್ಲೂ ಯಾರಿಗಾದರೂ ಕೆಳಗಿನ ರೇಟಿಂಗ್ ಕೊಡಲೇಬೇಕೆಂದಾದರೆ, ಪಕ್ಕದವರಿಗೆ ಕೆಲಸ ಹೇಳಿಕೊಡುವುದು ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಂತೆ. ಮೈಕ್ರೋಸಾಫ್ಟ್ 2013ರಲ್ಲಿ ಈ ಬಗೆಯ ಶ್ರೇಣೀಕರಣವನ್ನು ಕೈಬಿಟ್ಟಿತು. ಇನ್ನು, ವರ್ಷವಿಡೀ ಮಾಡಿದ ಕೆಲಸದಲ್ಲಿ ಮ್ಯಾನೇಜರ್‌ಗೆ ನೆನಪುಳಿಯುವುದು ಕೊನೆಯ ಕೆಲವು ವಾರಗಳದ್ದು ಮಾತ್ರ ಎಂಬುದನ್ನು ಜಾಣ ನೌಕರರು ಯಾವಾಗಲೋ ಅರ್ಥಮಾಡಿಕೊಂಡಿದ್ದಾರೆ.

1996ರಲ್ಲಿ ಕ್ಲೂಗರ್ ಮತ್ತು ಡಿನಿಸಿ ಎಂಬ ಸಂಶೋಧಕರು ಹಿಂದಿನ ಅಧ್ಯಯನಗಳ ನೂರಾರು ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಫೀಡ್‌ಬ್ಯಾಕ್‌ನಿಂದ ಸರಾಸರಿಯಲ್ಲಿ ಕೆಲಸ ಸುಧಾರಿಸಿತ್ತಾದರೂ ಮೂರನೇ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕುಗ್ಗಿತ್ತು. ಗಮನ ಕೆಲಸದಿಂದ ಸರಿದು ವ್ಯಕ್ತಿಯತ್ತ ಹೊರಳಿದಷ್ಟೂ ಅದರ ಪ್ರಯೋಜನ ಕಡಿಮೆಯಾಗುತ್ತದೆ ಎಂಬುದು ಅವರ ವಿವರಣೆ. ಅಪ್ರೈಸಲ್‌ನಲ್ಲಿ ಕೊಡುವ ‘ಐದಕ್ಕೆ ಮೂರು’ ಎಂಬ ರೇಟಿಂಗ್ ಗಮನವನ್ನು ಹೊರಳಿಸುವುದು ವ್ಯಕ್ತಿಯತ್ತಲೇ.

ಹಾಗೆಂದು ರೇಟಿಂಗ್ ತೆಗೆದುಹಾಕಿದರೆ ಎಲ್ಲವೂ ಸರಿಹೋಗುತ್ತದೆಂದು ನಾನು ನಂಬಿಲ್ಲ. ಸಂಬಳವನ್ನು ಯಾರಾದರೂ ಯಾವುದಾದರೂ ಆಧಾರದ ಮೇಲೆ ನಿರ್ಧರಿಸಲೇಬೇಕು. ಆ ಆಧಾರ ಕಾಗದದ ಮೇಲೆ ಇರದಿದ್ದರೆ ಮ್ಯಾನೇಜರ್‌ನ ಮನಸ್ಸಿನಲ್ಲಿರುತ್ತದೆ, ಅಲ್ಲಿ ಅದನ್ನು ಪ್ರಶ್ನಿಸಲೂ ಆಗುವುದಿಲ್ಲ. ಆದ್ದರಿಂದ ಸಂಬಳದ ನಿರ್ಧಾರ ವರ್ಷಕ್ಕೊಮ್ಮೆ ಲಿಖಿತ ಕಾರಣಗಳೊಂದಿಗೆ ಬರಲಿ, ಕೆಲಸದ ಮಾತು ಆ ಕೆಲಸ ಮುಗಿದ ವಾರದಲ್ಲೇ ನಡೆದುಹೋಗಲಿ.