ಗಣೇಶನ ಗರಿಕೆಗೂ ಔಷಧ ಹೊಡೆದರು

ಗೌರಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಗರಿಕೆ ಕೀಳಲು ನಮ್ಮ ಬಡಾವಣೆಯ ಪಾರ್ಕಿಗೆ ಹೋಗಿದ್ದೆ. ಗಾಂಧಿ ಬಜಾರಿನಲ್ಲಿ ಕಟ್ಟುಕಟ್ಟಾಗಿ ಸಿಗುತ್ತದೆ, ನಿಜ. ಆದರೆ ಗಣೇಶನ ಗರಿಕೆಯನ್ನು ದುಡ್ಡು ಕೊಟ್ಟು ತರುವುದು ನಮ್ಮಮ್ಮನಿಗೆ ಇಂದಿಗೂ ಒಗ್ಗದು. ಬಗ್ಗಿ ನೋಡಿದರೆ, ನಡೆಯುವ ಹಾದಿಯ ಎರಡೂ ಅಂಚಿಗೆ ಒಂದು ಮೊಳ ಅಗಲದ ಹುಲ್ಲೆಲ್ಲ ಹಳದಿಯಾಗಿ ಮಲಗಿತ್ತು. ದಾರ ಹಿಡಿದು ಗೆರೆ ಎಳೆದಷ್ಟು ನೇರ. ಗರಿಕೆಯ ಜೊತೆಗೆ ಒಂದೆಲಗ, ನೆಲನೆಲ್ಲಿಯೂ ಹೋಗಿದ್ದವು.

ಮಾಲಿಯನ್ನು ಕೇಳಿದೆ. ‘ಹೋದ ವಾರ ಔಷಧ ಹೊಡೆದೆವು ಸಾರ್. ಹಬ್ಬಕ್ಕೆ ಚೊಕ್ಕಟವಾಗಿ ಕಾಣಬೇಕೆಂದು ಕಂಟ್ರಾಕ್ಟರ್ ಹೇಳಿದ್ದರು’ ಎಂದರು. ಯಾವ ಔಷಧವೋ ಅವರಿಗೆ ಗೊತ್ತಿಲ್ಲ. ಬೆನ್ನಿಗೆ ಕ್ಯಾನು, ಕಾಲಿಗೆ ಹವಾಯಿ ಚಪ್ಪಲಿ, ಮೂಗಿಗೆ ಒಂದು ಟವೆಲು, ಅಷ್ಟರಲ್ಲೇ ಹೊಡೆದಿದ್ದರು. ಖಾಲಿ ಡಬ್ಬ ನೀರಿನ ತೊಟ್ಟಿಯ ಪಕ್ಕದಲ್ಲೇ ಬಿದ್ದಿತ್ತು. ತಿರುಗಿಸಿ ಓದಿದೆ: ಗ್ಲೈಫೋಸೇಟ್.

ವಿಷವನ್ನು ಔಷಧ ಎಂದು ಕರೆಯುವ ಜನ ನಾವು. ಹಳ್ಳಿಯಲ್ಲಿ ‘ಔಷಧ ಕುಡಿದ’ ಎಂದರೆ ಏನರ್ಥವೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಎಲೆಯ ಮೇಲೆ ಬಿದ್ದದ್ದು ಬೇರಿಗಿಳಿದು ಗಿಡವನ್ನೇ ಒಣಗಿಸುವ ಕಳೆನಾಶಕ ಇದು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಗುಂಪಿಗೆ ಸೇರಿಸಿತು. ಅಮೆರಿಕ ಮತ್ತು ಯುರೋಪಿನ ನಿಯಂತ್ರಕರು ಒಪ್ಪಲಿಲ್ಲ. ಆ ಜಗಳ ಅವರಿಗಿರಲಿ, ನನ್ನ ತಕರಾರು ಇನ್ನೂ ಸಣ್ಣದು. 2022ರ ಅಕ್ಟೋಬರ್‌ನಲ್ಲಿ ನಮ್ಮ ಕೇಂದ್ರ ಸರ್ಕಾರವೇ ಅಧಿಸೂಚನೆ ಹೊರಡಿಸಿ, ಕೀಟ ನಿಯಂತ್ರಣದ ಪರವಾನಗಿ ಇರುವವರನ್ನು ಬಿಟ್ಟು ಬೇರಾರೂ ಇದನ್ನು ಬಳಸಕೂಡದು ಎಂದಿತು. ಹಾಗಿದ್ದಮೇಲೆ ಮಾಲಿಯ ಬೆನ್ನಿಗೆ ಆ ಕ್ಯಾನು ಬಂದದ್ದು ಹೇಗೆ? ಫ್ರಾನ್ಸಿನಲ್ಲಂತೂ 2017ರಿಂದ ಸಾರ್ವಜನಿಕ ಉದ್ಯಾನಗಳಲ್ಲಿ ರಾಸಾಯನಿಕ ಕಳೆನಾಶಕಕ್ಕೆ ನಿಷೇಧವಿದೆ.

ನಮ್ಮ ಪಾರ್ಕಿನಲ್ಲಿ ಇಬ್ಬನಿಯ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಕಣ್ಣಿಗೆ ಒಳ್ಳೆಯದೆಂದು ನಂಬಿದ ನಿವೃತ್ತರ ದಂಡೇ ಇದೆ (ನಾನೂ ಅದರಲ್ಲೊಬ್ಬ). ಕೆಳಗೆ ಬಿದ್ದ ಬಿಸ್ಕತ್ತನ್ನು ಎತ್ತಿ ಬಾಯಿಗಿಡುವ ಮಕ್ಕಳಿದ್ದಾರೆ. ವಿಷ ಸಿಂಪಡಿಸಿದ್ದೇವೆ, ಇಳಿಯಬೇಡಿ ಎಂದು ಒಂದು ರಟ್ಟಿನ ತುಂಡಿನ ಮೇಲಾದರೂ ಬರೆದಿಡಬಾರದಿತ್ತೇ? ‘ಹೂ ಕೀಳಬಾರದು’ ಎಂಬ ಬೋರ್ಡು ಮಾತ್ರ ಮೂರು ಕಡೆ ಇದೆ.

ಮೂಲೆಯ ತರಗೆಲೆಯ ರಾಶಿ ನೋಡಿದರೆ ಸಿಟ್ಟು ಇನ್ನೂ ಏರುತ್ತದೆ. ಅದನ್ನೇ ಗಿಡಗಳ ಬುಡಕ್ಕೆ ನಾಲ್ಕು ಬೆರಳು ದಪ್ಪ ಹಾಸಿದರೆ ಬಿಸಿಲು ತಾಗದೆ ಕಳೆಯ ಬೀಜ ಮೊಳೆಯುವುದೇ ಕಷ್ಟ. ನಾವು ಎಲೆಗೆ ಬೆಂಕಿ ಇಟ್ಟು, ಕಳೆಗೆಂದು ವಿಷ ಕೊಂಡು ತರುತ್ತೇವೆ.

ಪಾರ್ಥೇನಿಯಂ ಬಗ್ಗೆ ನನಗೆ ಕನಿಕರವಿಲ್ಲ, ಅದು ಹೋಗಲೇಬೇಕು. ಆದರೆ ಅದರ ಎಲೆ ತಿನ್ನುವ ಜೀರುಂಡೆಯನ್ನು ಮೆಕ್ಸಿಕೊದಿಂದ ತರಿಸಿ 1984ರಲ್ಲಿ ವಿಜ್ಞಾನಿಗಳು ಬಿಟ್ಟದ್ದು ಇದೇ ಬೆಂಗಳೂರಿನಲ್ಲಿ. ಮಳೆಗಾಲದಲ್ಲಿ ಈಗಲೂ ಖಾಲಿ ಸೈಟುಗಳಲ್ಲಿ ಕಾಣುತ್ತದೆ, ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೆರೆಗಳು. ಉಳಿದದ್ದನ್ನು ಹೂ ಬಿಡುವ ಮೊದಲೇ ಕಿತ್ತರೆ ಬೀಜ ಉದುರುವುದಿಲ್ಲ. ಔಷಧದ ದುಡ್ಡನ್ನು ಕಳೆ ಕೀಳುವ ಹೆಂಗಸರ ಕೂಲಿಗೆ ಕೊಡಿ ಎಂದು ಪತ್ರ ಬರೆದಿದ್ದೇನೆ, ಅಕ್ಕಪಕ್ಕದ ಹದಿನೆಂಟು ಮನೆಯವರು ಸಹಿ ಹಾಕಿದ್ದಾರೆ.

ಉತ್ತರ ಬರುವವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ನಾವೇ ಕೀಳುತ್ತೇವೆ. ಮನೆಯಲ್ಲಿ ಹಳೆಯ ಕುಡುಗೋಲಿದ್ದರೆ ತನ್ನಿ. ಪಾರ್ಥೇನಿಯಂಗೆ ಕೈ ಹಾಕುವವರು ಕೈಗವಸು ಮರೆಯಬೇಡಿ, ಹೋದ ವಾರದ ತುರಿಕೆ ನನಗಿನ್ನೂ ಇಳಿದಿಲ್ಲ.