ಮೊದಲು ಲೆನ್ಸು, ಆಮೇಲೆ ಹಕ್ಕಿ

ಹಕ್ಕಿ ಫೋಟೊ ತೆಗೆಯಲು ಹೊರಟ ಹೊಸಬರು ದೊಡ್ಡ ಕ್ಯಾಮೆರಾ ಕೊಳ್ಳಬಾರದು ಎನ್ನುವವರಿಗೆ ಹೊಟ್ಟೆಕಿಚ್ಚು. ಅವರ ಮಾತು ಕೇಳಬೇಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಹೊಸಬರು ಆ ಮಾತಿಗೆ ಅವಕಾಶವನ್ನೇ ಕೊಡುವುದಿಲ್ಲ, ಗೆಜ್ಜೆ ಕಟ್ಟುವ ಮೊದಲೇ ನೆಲಕ್ಕೆ ಗ್ರಾನೈಟ್ ಹಾಸಿಸಿರುತ್ತಾರೆ.

ನಿಕಾನ್ ಜೆಡ್9 ತಗೊಳ್ಳಿ. 2021ರಲ್ಲಿ ಬಂದದ್ದು. ಸೆಕೆಂಡಿಗೆ 20 ರಾ (ಸಂಸ್ಕರಿಸದ ಮೂಲ) ಫೋಟೊ, ಒಂದೊಂದೂ 45 ಮೆಗಾಪಿಕ್ಸೆಲ್. ಡಬ್ಬ ಬಿಚ್ಚಿದ ಕೂಡಲೇ ಹೊಸಬರು ಹುಡುಕುವುದು ಆಟೊ ಮೋಡ್. ಅದು ಅದರಲ್ಲಿಲ್ಲ. ಕಸುಬಿನವರಿಗೆ ಯಾಕೆ ಬೇಕು, ಅಲ್ವಾ? ಮನೆಯಲ್ಲಿದ್ದ ಎಸ್‌ಡಿ ಕಾರ್ಡೂ ಅದಕ್ಕೆ ಆಗುವುದಿಲ್ಲ. ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡ್ ತರಬೇಕು, ಅದಕ್ಕೊಂದು ರೀಡರ್ ತರಬೇಕು. ಇಎಂಐ ಹೇಗೂ ನಡೀತಿದೆ, ಅದರಲ್ಲೇ ಸೇರಿಸಿಬಿಡಿ.

ಇನ್ನು ಲೆನ್ಸು. ಇದಕ್ಕೆ ಒಪ್ಪುವುದು ದೂರದ್ದನ್ನು ಹತ್ತಿರಕ್ಕೆಳೆದು ತೋರಿಸುವ 600 ಎಂಎಂ ಎಫ್4. ಮೂರು ಕೆಜಿಗೂ ಜಾಸ್ತಿ ತೂಕ, ಬೆಲೆ ಹತ್ತು ಲಕ್ಷ ದಾಟುತ್ತದೆ. ಇದನ್ನು ಹೊತ್ತವರನ್ನು ನೋಡಬೇಕೆಂದರೆ ಭಾನುವಾರ ರಂಗನತಿಟ್ಟಿನ ದೋಣಿ ಹತ್ತಿ. ದೋಣಿಯವರು ಪಾಪ, ಬಣ್ಣದ ಕೊಕ್ಕರೆಯ ಹತ್ತಿರಕ್ಕೇ ಕರೆದೊಯ್ಯುತ್ತಾರೆ. ನಮ್ಮವರ ಫ್ರೇಮಿನ ತುಂಬ ಬರೀ ಕೊಕ್ಕು.

“ಸ್ವಲ್ಪ ಹಿಂದಕ್ಕೆ ತಗೊಳ್ಳಣ್ಣ!”

“ಹಿಂದಕ್ಕಾ? ಎಲ್ರೂ ಮುಂದಕ್ಕೆ ಅಂತಾರಲ್ಲ ಸಾರ್.”

ಕೊಕ್ಕರೆ ಅಲ್ಲಾಡದೆ ನಿಂತಿದೆ. ಹತ್ತು ಸೆಕೆಂಡ್ ಗುಂಡಿ ಒತ್ತಿ ಹಿಡಿದರೆ 200 ಫೋಟೊ. ಎಲ್ಲದರಲ್ಲೂ ಅದೇ ಕೊಕ್ಕು.

ಅಷ್ಟರಲ್ಲಿ ಪಕ್ಕದಿಂದ, “ರೀ, ನಂದೂ ಒಂದು ತೆಗೀರಿ.” ಆ ಲೆನ್ಸಿಗೆ ಫೋಕಸ್ ಆಗಲು ಕಮ್ಮಿ ಅಂದರೂ 4.3 ಮೀಟರ್ ದೂರ ಬೇಕು. ಹತ್ತಿರ ಹತ್ತಿರ 14 ಅಡಿ! ಹೆಂಡತಿಯ ಮುಖ ಸ್ಪಷ್ಟವಾಗಿ ಬರಬೇಕಾದರೆ ಕಾವೇರಿಗೇ ಇಳಿಯಬೇಕು. ಬಂಡೆಯ ಮೇಲೆ ಮೊಸಳೆ ಬಿಸಿಲು ಕಾಯಿಸುತ್ತಿದೆ. ಸುಮ್ನೆ ಜೇಬಿನಿಂದ ಫೋನ್ ಹೊರಬರುತ್ತದೆ.

ರಾತ್ರಿ ಒಂದು ಕೊಕ್ಕು ಫ್ಯಾಮಿಲಿ ಗ್ರೂಪಿಗೆ ಹೋಗುತ್ತದೆ. ವಾಟ್ಸಾಪ್ 45 ಮೆಗಾಪಿಕ್ಸೆಲ್ಲನ್ನು ಹಿಂಡಿ ಒಂದೆರಡಕ್ಕೆ ಇಳಿಸುತ್ತದೆ. ಅತ್ತೆಯಿಂದ ಉತ್ತರವೂ ಬರುತ್ತದೆ: “ಚೆನ್ನಾಗಿದೆ ಕಣೋ, ಬಾತುಕೋಳಿನಾ?”

ಇದನ್ನೆಲ್ಲ ಕೇಳಿ ಹಳೇ ಕ್ಯಾಮೆರಾ, ಅದರ ಜೊತೆಗೇ ಬಂದ ಕಿಟ್ ಲೆನ್ಸು ಸಾಕು ಅಂದುಕೊಂಡೀರಿ, ಜೋಕೆ. ಬೆಳಕು ನೋಡುವುದು, ಕಾಯುವುದು, ಬೆಳಿಗ್ಗೆ ಬೇಗ ಏಳುವುದು, ಇವೆಲ್ಲ ದುಡ್ಡಿಲ್ಲದವರ ಹವ್ಯಾಸ. ನೀವು ಧೈರ್ಯವಾಗಿ ಕೊಳ್ಳಿ. ನೀವೆಲ್ಲ ಕೊಳ್ಳದಿದ್ದರೆ ನಮ್ಮಂಥವರಿಗೆ ಗೀರೂ ಬೀಳದ ಸೆಕೆಂಡ್‌ಹ್ಯಾಂಡ್ ಲೆನ್ಸು ಎಲ್ಲಿಂದ ಸಿಗಬೇಕು? ಬಿಲ್ಲು, ಡಬ್ಬ ಮಾತ್ರ ಜೋಪಾನವಾಗಿ ಎತ್ತಿಟ್ಟಿರಿ.